ಮೇಲಿನ ಮನೆಯ ನೀರು

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಕೆಲಸಕ್ಕೆ ಹೋಗುವುದೆಂದು ಎದ್ದೆ. ನನ್ನ ಗಂಡನ ಅಂತ್ಯಕ್ರಿಯೆಗೆ ಬಂದವರಿಗೆಂದು ತರಿಸಿದ್ದ ಕುರ್ಚಿಗಳು ಒಂದರೊಳಗೊಂದು ಕೂತು ಗೋಡೆಗೆ ಒರಗಿದ್ದವು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲು ತೆಗೆದರೆ ನೆಲ ಕಾಣಲಿಲ್ಲ.

ಜಾಲರಿಯಿಂದ ಕಪ್ಪು ನೀರು ಮೇಲೆ ಬಂದು ಹೊಸ್ತಿಲವರೆಗೆ ನಿಂತಿತ್ತು. ದಾಟಬೇಕೋ ಬೇಡವೋ ಎಂದು ಯೋಚಿಸುತ್ತಿರುವಂತೆ ಅಂಚಿನಲ್ಲಿ ಸ್ವಲ್ಪ ಉಬ್ಬಿತ್ತು. ಮೇಲೆ ಚಹಾದ ಚರಟ ತೇಲುತ್ತಿತ್ತು, ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು, ಗುಲಾಬಿ ಅಂಚಿನ ಒದ್ದೆ ಕಾಗದಗಳು ತೇಲುತ್ತಿದ್ದವು. ನಾನು ಚಹಾ ಕುಡಿಯುವುದಿಲ್ಲ. ನನ್ನ ಒಲೆಯ ಮೇಲೆ ಏನನ್ನೂ ಕರಿದು ತಿಂಗಳುಗಳಾಗಿದ್ದವು. ಗುಲಾಬಿ ಅಂಚಿನ ಕಾಗದ ಮುಖದ ಬಣ್ಣ ಒರೆಸಿಕೊಳ್ಳುವಂಥದ್ದು. ಆ ಬಣ್ಣ ಮೇಲಿನ ಮನೆಯ ನನ್ನ ಓರಗಿತ್ತಿಯದು.

ಹೋದವರು ಎಲ್ಲೂ ಹೋಗಿರುವುದಿಲ್ಲ, ಇಲ್ಲೇ ನಮ್ಮ ನಡುವೆ ಇರುತ್ತಾರೆ ಎಂದು ಬಂದವರೆಲ್ಲ ನನ್ನ ಕೈ ಹಿಡಿದುಕೊಂಡು ಹೇಳಿದ್ದರು. ಹೋದವರ ವಿಷಯ ನನಗೆ ಗೊತ್ತಿಲ್ಲ. ಹೋಯಿತು ಎಂದು ಬಂದವರು ನೀರು ಬಿಟ್ಟು ಎದ್ದದ್ದೆಲ್ಲ ಮಾತ್ರ ಇಲ್ಲೇ ಇತ್ತು.

ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ. ಭಾವ ಇಳಿದು ಬಂದರು. ನನ್ನ ಗಂಡನ ಅಣ್ಣ. ಒಳಾಂಗಣ ಅಲಂಕಾರ ಅವರ ಉದ್ಯೋಗ. ಜನರ ಮನೆಯಲ್ಲಿ ಕಣ್ಣಿಗೆ ಹಿತವಲ್ಲದ್ದನ್ನೆಲ್ಲ ಹಲಗೆ ಹೊಡೆದು ಮುಚ್ಚಿ, ಆ ಹಲಗೆಯ ಹಿಂದೆ ಒಂದು ದೀಪ ಇಡುತ್ತಾರೆ. ಅವರ ಹಿಂದೆ ಓರಗಿತ್ತಿ, ಮೂಗಿಗೆ ಸೆರಗು.

"ಅಯ್ಯಯ್ಯೋ, ಏನೇ ಇದು ನಾತ!"

"ನಿನ್ನೆ ತನಕ ಚೆನ್ನಾಗಿತ್ತಲ್ಲ?" ಎಂದರು ಭಾವ.

"ನಿನ್ನೆ ತನಕ ಮನೆ ತುಂಬ ನೆಂಟರಿದ್ರು ಭಾವ. ಎಲ್ಲರೂ ಮೇಲೇ ಊಟ ಮಾಡಿದ್ರು."

"ಊಟಕ್ಕೂ ಇದಕ್ಕೂ ಏನು ಸಂಬಂಧ?"

ನೀರಿನ ಮೇಲೆ ತೇಲುತ್ತಿದ್ದ ಗುಲಾಬಿ ಅಂಚಿನ ಕಾಗದವನ್ನು ತೋರಿಸಿದೆ.

"ನಮ್ಮ ಮೇಲ್ಗಡೆ ಏನೂ ಕಟ್ಕೊಂಡಿಲ್ಲಪ್ಪ. ನೀರು ಬಿಟ್ರೆ ಸರ್ರಂತ ಹೋಗುತ್ತೆ," ಎಂದಳು ಓರಗಿತ್ತಿ.

"ಹೌದಕ್ಕ. ಸರ್ರಂತ ಇಲ್ಲಿಗೆ ಬರುತ್ತೆ."

"ನೋಡಿ, ಗಂಡ ಹೋಗಿ ವಾರ ಆಗಿಲ್ಲ, ನಾಲಿಗೆ ಮಾತ್ರ ನೆಟ್ಟಗಿದೆ."

"ಕರಿದ ಎಣ್ಣೆ ಎಲ್ಲಿ ಚೆಲ್ತೀರಿ?"

"ಸಿಂಕಿಗೆ. ಹಿಂದೇನೇ ಕುದಿಯೋ ನೀರು ಹೊಯ್ತೀನಿ. ಮನೆ ನಡ್ಸೋದು ನನಗೂ ಗೊತ್ತು ಕಣೇ."

ಕುದಿಯುವ ನೀರು ಎಣ್ಣೆಯನ್ನು ಕರಗಿಸುವುದು ಅಡುಗೆಮನೆಯಿಂದ ಕೆಳಗಿನ ತಿರುವಿನವರೆಗೆ ಮಾತ್ರ. ಆಮೇಲೆ ನೀರು ಆರುತ್ತದೆ, ಕೊಬ್ಬು ಗಟ್ಟಿಯಾಗಿ ಪೈಪಿನ ಮೈಗೆ ಮೇಣದಂತೆ ಹಿಡಿಯುತ್ತದೆ. ಒರೆಸುವ ಕಾಗದದ ಪೊಟ್ಟಣದ ಮೇಲೆ ಕಕ್ಕಸಿನಲ್ಲಿ ಹಾಕಬಹುದು ಎಂದು ಅಚ್ಚಾಗಿರುತ್ತದೆ. ಹಾಕಬಹುದು, ನಿಜ. ಕಲ್ಲನ್ನೂ ಹಾಕಬಹುದು. ಅದು ಕಾಗದವಲ್ಲ, ಬಟ್ಟೆ. ಕರಗುವುದಿಲ್ಲ. ಕೊಬ್ಬು ಸಿಕ್ಕಲ್ಲಿ ಅಂಟಿಕೊಂಡು ಮುಂದೆ ಬರುವುದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಇದನ್ನು ಈ ಮನೆಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೆ. ಓದಿದ ಸೊಸೆಯ ಬಾಯಿಂದ ಬಂದದ್ದರಿಂದ ಅದು ಅಹಂಕಾರ ಎನಿಸಿಕೊಂಡಿತ್ತು.

ಅತ್ತೆ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡರು. ಮಂಡಿ ನೋವು, ಇಳಿಯುವುದು ಕಷ್ಟ.

"ಏನಂತೋ?"

"ಕೆಳಗಿನ ಮನೆ ಹಳೇದಾಯ್ತಮ್ಮ," ಎಂದರು ಭಾವ.

ಎರಡು ಅಂತಸ್ತನ್ನೂ ನನ್ನ ಮಾವ ಒಂದೇ ಸಲ ಕಟ್ಟಿಸಿದ್ದು.

ಭಾವ ನನ್ನ ಕಡೆ ತಿರುಗಿ ದನಿ ಇಳಿಸಿದರು. ಅವರು ದನಿ ಇಳಿಸಿದರೆ ಏನೋ ಬೇಕಾಗಿದೆ ಎಂದರ್ಥ. "ನೋಡಮ್ಮ, ನೀನೊಬ್ಳೇ ಈ ಕೊಳಚೇಲಿ ಹೇಗಿರ್ತೀಯ? ಮೇಲೆ ಬಂದ್ಬಿಡು. ಸಾಮಾನು ಕೋಣೆ ಖಾಲಿ ಮಾಡಿಸ್ತೀನಿ, ಕಿಟಕಿ ಇದೆ. ಕೆಳಗೆ ನಾನೊಂದು ಶೋರೂಮ್ ಮಾಡ್ಕೋತೀನಿ. ಮನೆ ಹೆಣ್ಮಗಳು ಅಂತ ಹೇಳ್ತಿದೀನಿ. ಅಮ್ಮನಿಗೂ ಸರಿ ಅನ್ಸಿದೆ. ಭಾನುವಾರ ಕೂತು ಮಾತಾಡಿ ಮುಗಿಸೋಣ."

ಮನೆ ಅತ್ತೆಯ ಹೆಸರಿನಲ್ಲಿದೆ. ಅವರು ಹೂಂ ಎಂದರೆ ನನ್ನ ಮನೆ ಒಂದು ಕಿಟಕಿಯಾಗುತ್ತದೆ. ಮೇಲೆ ನೋಡಿದೆ. ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಂಬಿ ಹಿಡಿದು ನಿಂತಿದ್ದರು.

ಭಾವ ಮೇಲೆ ಹೋಗಿ ಪೈಪು ಬಿಡಿಸುವ ಪುಡಿಯ ಡಬ್ಬಿ ತಂದರು. ನಾನು ರಸಾಯನಶಾಸ್ತ್ರ ಓದಿದವಳು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ. ಬೇಡ ಎಂದೆ. ನೀರು ನಿಂತಿರುವಾಗ ಪುಡಿ ಕಟ್ಟಿಕೊಂಡ ಜಾಗದವರೆಗೆ ಹೋಗುವುದೇ ಇಲ್ಲ, ಇಲ್ಲೇ ಕುದಿದು ಕೂರುತ್ತದೆ, ಆಮೇಲೆ ಪೈಪು ಬಿಚ್ಚುವವರ ಕೈ ಸುಡುತ್ತದೆ ಎಂದೆ.

"ಡಬ್ಬಿ ಮೇಲೆ ಬರ್ದಿದೆಯಲ್ಲಮ್ಮ," ಎಂದು ಪೂರ್ತಿ ಸುರಿದರು.

ನೀರು ಬುಸುಗುಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ನೀರು, ಅದೇ ಮಟ್ಟ. ಈಗ ಬೆಚ್ಚಗಿತ್ತು.

"ಇದೆಲ್ಲ ಪಕ್ಕದ ಲಾಂಡ್ರಿಯವಳ ನೊರೆ," ಎಂದು ತೀರ್ಪು ಕೊಟ್ಟು ಭಾವ ಕೆಲಸಕ್ಕೆ ಹೊರಟರು. ಹೋಗುವ ಮೊದಲು ಅಂಗಳದಲ್ಲಿದ್ದ ಕಾರಿನ ಗಾಜನ್ನು ಒಂದು ಮೆತ್ತನೆ ಬಟ್ಟೆಯಿಂದ ಒರೆಸಿದರು.

*

ಆ ಕಾರು ನಿಲ್ಲುವ ಜಾಗದಲ್ಲಿ ಮೊದಲು ಒಂದು ಚೇಂಬರ್ ಇತ್ತು, ಕೊಳಚೆ ಪೈಪನ್ನು ತೆರೆದು ನೋಡುವ ಮುಚ್ಚಳದ ಗುಂಡಿ. ಮೇಲಿನ ಮನೆಯ ಪೈಪು ಹಿಂಬದಿಯ ಓಣಿಯ ಗೋಡೆಗುಂಟ ಇಳಿದು, ಬುಡದಲ್ಲಿ ನಮ್ಮ ಪೈಪನ್ನು ಕೂಡಿಕೊಂಡು, ಮನೆಯ ಅಡಿಯಲ್ಲಿ ಹಾದು ಅಂಗಳಕ್ಕೆ ಬಂದು, ಆ ಚೇಂಬರಿನ ಮೂಲಕ ಬೀದಿಯ ಒಳಚರಂಡಿಗೆ ಸೇರುತ್ತಿತ್ತು. ಎಲ್ಲಾದರೂ ಕಟ್ಟಿದರೆ ಚೇಂಬರಿನ ಮುಚ್ಚಳ ಎತ್ತಿ ನೋಡಿದರಾಯಿತು, ಕೊಳಚೆ ಮನೆಯೊಳಕ್ಕೆ ಬರುವ ಮೊದಲು ಅಲ್ಲಿ ಉಕ್ಕಿ ಹೇಳುತ್ತಿತ್ತು. ಮಾವನಿಗೆ ಅದು ಗೊತ್ತಿತ್ತು. ಮಾವ ಹೋದ ಮೇಲೆ ಭಾವ ಕಾರು ಕೊಂಡರು. ಅಂಗಳಕ್ಕೆ ಬೂದು ಬಣ್ಣದ ಟೈಲ್ಸ್ ಹಾಕಿಸುವಾಗ ನಡುವೆ ಒಂದು ಕಬ್ಬಿಣದ ಮುಚ್ಚಳ ಇರುವುದು ಅವರ ಕಣ್ಣಿಗೆ ಚುಚ್ಚಿತು. ಚೇಂಬರ್ ತುಂಬಿಸಿ, ಪೈಪನ್ನು ನೇರ ಜೋಡಿಸಿ, ಮೇಲೆ ಟೈಲ್ಸ್ ಕೂರಿಸಿದರು. ಗಿರಾಕಿಗಳನ್ನು ಕರೆದುಕೊಂಡು ಬಂದಾಗಲೆಲ್ಲ ಹೇಳುವರು: "ನೋಡಿ, ಒಂದು ಸೀಳು ಕಾಣುತ್ತಾ? ಚೇಂಬರ್ ಮುಚ್ಚಿ ಇಷ್ಟು ವರ್ಷ ಆಯ್ತು, ಒಂದು ದಿನ ತೊಂದ್ರೆ ಇಲ್ಲ."

ಅವರಿಗೆ ತೊಂದರೆ ಇರಲಿಲ್ಲ. ಕಟ್ಟಿದ ನೀರು ಎಲ್ಲಕ್ಕಿಂತ ಕೆಳಗಿನ ಬಾಯಿ ಹುಡುಕುತ್ತದೆ, ಆ ಬಾಯಿ ನಮ್ಮ ಬಚ್ಚಲು. ನನ್ನ ಗಂಡ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದ. "ನಾವು ನದಿಯ ಕೆಳದಂಡೆಯವರು," ಎಂದು ನಗುವನು. ಮೊದಲ ಸಲ ನೀರು ಉಕ್ಕಿದಾಗ ಪಕ್ಕದ ಲಾಂಡ್ರಿಯಿಂದ ಪೈಪಿಗೆ ಹಾಕುವ ಸರಳುಗಳನ್ನು ಎರವಲು ತಂದ. ಒಂದಕ್ಕೊಂದು ತಿರುಪಿ ಉದ್ದ ಮಾಡುವ ಬಾಗುವ ಸರಳುಗಳು, ತುದಿಯಲ್ಲಿ ಸುರುಳಿ ತಲೆ. ಅವು ಹಿಂದಕ್ಕೆ ಹೋಗಲೇ ಇಲ್ಲ. ತಿಂಗಳಿಗೊಂದು ಭಾನುವಾರ, ಮೇಲಿನವರು ಇನ್ನೂ ಮಲಗಿರುವಾಗ, ಹಿಂಬದಿಯ ಓಣಿಯಲ್ಲಿ ಪೈಪಿನ ಬುಡದ ಮುಚ್ಚಳ ಬಿಚ್ಚಿ, ಮೇಲಿನ ಮನೆಯ ಒಂದು ತಿಂಗಳನ್ನು ಬಕೆಟ್ಟಿಗೆ ಇಳಿಸಿಕೊಂಡು, ಸರಳು ತೂರಿಸಿ ದಾರಿ ಬಿಡಿಸುವನು. ಕೈ ತೊಳೆದು ಬಂದು ತಿಂಡಿಗೆ ಕೂರುವನು. ಮೇಲಿನವರಿಗೆ ಒಂದು ಮಾತೂ ಹೇಳುತ್ತಿರಲಿಲ್ಲ.

"ಹೇಳು," ಎಂದರೆ "ಬಿಡೇ, ಅಮ್ಮನಿಗೆ ಬೇಜಾರಾಗುತ್ತೆ, ಅಣ್ಣ ಟೈಲ್ಸ್ ಒಡೀಬೇಕಾಗುತ್ತೆ," ಎನ್ನುವನು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಭಾನುವಾರಗಳಂದು ಗೋಡೆಯೊಳಗೆ ಕರಕರ ಸದ್ದು ಬರುತ್ತದೆಂದು ಅತ್ತೆ ಹೇಳಿದಾಗ ಭಾವ ಇಲಿ ಎಂದು ನಿರ್ಧರಿಸಿ ಓಣಿಯಲ್ಲಿ ವಿಷ ಇಡಿಸಿದ್ದರು. ನನ್ನ ಗಂಡ ಆ ವಿಷದ ತಟ್ಟೆಯನ್ನು ಕಾಲಿನಿಂದ ಸರಿಸಿ ಕೆಲಸ ಮಾಡುವನು. ಇದನ್ನೂ ನಗುತ್ತಲೇ ಹೇಳಿದ. ಒಳ್ಳೆಯವರು ನಗುವಷ್ಟು ಯಾರೂ ನಗುವುದಿಲ್ಲ. ಉಳಿದವರಿಗೆ ಅದು ಎಷ್ಟು ಅನುಕೂಲ ಎಂಬುದು ಅವರಿಗೆ ಹೊಳೆಯುವುದೂ ಇಲ್ಲ.

ಒಂದು ಕೆಲಸ ಮಾತ್ರ ನನ್ನ ಒತ್ತಾಯಕ್ಕೆ ಮಾಡಿದ್ದ. ನಮ್ಮ ಪೈಪು ಮೇಲಿನವರ ಪೈಪಿಗೆ ಸೇರುವುದಕ್ಕೆ ಮೊದಲು ಒಂದು ವಾಲ್ವ್ ಹಾಕಿಸಿದ್ದ. ತಿರುಗಿಸಿದರೆ ನಮ್ಮ ದಾರಿ ಬಂದ್. ನಮ್ಮ ನೀರು ಹೊರಗೆ ಹೋಗುವುದಿಲ್ಲ, ಹೊರಗಿನದು ಒಳಗೆ ಬರುವುದಿಲ್ಲ. "ಆದ್ರೆ ಇದನ್ನ ಮುಚ್ಚಿದ್ರೆ ಮುಂದಿನ ಬಾಯಿ ಅಮ್ಮನ ಬಚ್ಚಲು," ಎಂದಿದ್ದ. ಒಂದು ದಿನವೂ ಮುಚ್ಚಲಿಲ್ಲ.

ಬಸ್ ನಿಲ್ದಾಣದಲ್ಲಿ ಕುಸಿದು ಸತ್ತ. ಹೃದಯ ಎಂದರು. ಅಷ್ಟೇ ನನಗೆ ಗೊತ್ತಿರುವುದು.

*

ಓಣಿಗೆ ಹೋದೆ. ಸರಳುಗಳ ಚೀಲ ಮೊಳೆಗೆ ನೇತಾಡುತ್ತಿತ್ತು. ಬಿಚ್ಚಿ ನೋಡಿದರೆ ತುದಿಯ ಸರಳು, ಸುರುಳಿ ತಲೆ ಇರುವುದು, ಅದರಲ್ಲಿರಲಿಲ್ಲ. ಓಣಿಯೆಲ್ಲ ಹುಡುಕಿದೆ. ಬಕೆಟ್ಟಿನ ಕೆಳಗೆ, ವಿಷದ ತಟ್ಟೆಯ ಹಿಂದೆ. ಇರಲಿಲ್ಲ.

ಚೀಲ ತೆಗೆದುಕೊಳ್ಳದೆ ಪಕ್ಕದ ಲಾಂಡ್ರಿಗೆ ಹೋದೆ. ಲಾಂಡ್ರಿಯಮ್ಮ ಹೊಗೆಯಾಡುವ ಇಸ್ತ್ರಿಪೆಟ್ಟಿಗೆ ಹಿಡಿದು ಯಾರದೋ ಅಂಗಿಯ ಕಾಲರಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

"ಬಾ ತಾಯೀ. ಅಳೋದಾದ್ರೆ ಆ ಕಡೆ ಸ್ಟೂಲ್ ಮೇಲೆ ಕೂತು ಅಳು. ಈ ಬಟ್ಟೆಯೆಲ್ಲ ಮಡಚಾಗಿದೆ."

"ಅಳೋಕೆ ಬಂದಿಲ್ಲ. ನಿಮ್ಮ ಕಕ್ಕಸು ಬಳಸ್ಬೇಕಿತ್ತು."

ಅವಳು ಗಹಗಹಿಸಿ ನಕ್ಕಳು. ಆ ವಾರದಲ್ಲಿ ನನ್ನ ಎದುರು ಯಾರೂ ನಕ್ಕಿರಲಿಲ್ಲ. ಎಲ್ಲರೂ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಕ್ಕು ಮುಗಿಸಿ ಒಳಗೆ ಬರುತ್ತಿದ್ದರು.

"ಹೋಗಿ ಬಾ ಹೋಗು. ಹಿಂದೆ ಎಡಕ್ಕಿದೆ."

ಹಿಂತಿರುಗಿ ಬಂದಾಗ ಕೇಳಿದಳು: "ಸಾವಿನ ಮನೇಲಿ ಕೇಳ್ಬಾರ್ದು ಅಂತ ಸುಮ್ನಿದ್ದೆ. ನನ್ನ ಸರಳು ಇದೆಯಾ? ಇಲ್ಲಿ ಬಟ್ಟೆ ಜುಂಗು ಕಟ್ಕೊಂಡು ಒಗೆಯೋ ಕಲ್ಲಿನ ನೀರು ಹೋಗ್ತಿಲ್ಲ."

"ಇದೆ. ತುದೀದು ಮಾತ್ರ ಕಾಣ್ತಿಲ್ಲ."

"ಸುರುಳಿ ಇರೋದಾ?" ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಪೈಪಲ್ಲೇ ಇದೆ ಹಾಗಾದ್ರೆ. ಎಡಕ್ಕೆ ತಿರುಗಿಸಿರ್ತಾನೆ. ನಾನು ಬಡ್ಕೊಂಡಿದ್ದೆ, ಸಿಕ್ಕೊಂಡ್ರೂ ಬಲಕ್ಕೇ ತಿರುಗ್ಸಪ್ಪಾ, ಎಡಕ್ಕೆ ತಿರುಗ್ಸಿದ್ರೆ ಕೊಂಡಿ ಬಿಚ್ಚಿ ಒಳಗೇ ಕೂತ್ಬಿಡುತ್ತೆ ಅಂತ. ಮೇಷ್ಟ್ರಲ್ವಾ? ಹೇಳೋದು ಗೊತ್ತು, ಕೇಳೋದು ಗೊತ್ತಿಲ್ಲ."

ಆಗ ನೆನಪಾಯಿತು. ಅವನ ಕೊನೆಯ ಭಾನುವಾರ ಓಣಿಯಿಂದ ಬಂದವನು ನಗಲಿಲ್ಲ. ತಿಂಡಿಯ ತಟ್ಟೆ ನೋಡುತ್ತ, "ಮುಂದಿನ ವಾರ ಇನ್ನೊಂದ್ಸಲ ನೋಡ್ಬೇಕು," ಎಂದಿದ್ದ.

"ನಿಮ್ಮ ನೊರೆಯಿಂದ ಕಟ್ಟಿದೆ ಅಂತಾರೆ ನಮ್ಮ ಭಾವ."

"ಅಂತಾನೆ, ಅಂತಾನೆ. ನನ್ನ ನೀರು ಬೇರೆ ದಾರೀಲಿ ಬೀದಿಗೆ ಹೋಗುತ್ತೆ. ನಿನ್ನ ಭಾವನಿಗೆ ತನ್ನ ಮನೆ ಹೊಟ್ಟೇಲಿ ಏನಿದೆ ಅಂತ ಗೊತ್ತಿಲ್ಲ, ನನ್ನ ಮನೇದು ಗೊತ್ತಂತೆ! ಅಂಗಳ ಒಡೆಸು. ಬೇರೆ ದಾರಿ ಇಲ್ಲ. ಸರಳು ಸಿಕ್ಕಿರೋ ಪೈಪಿಗೆ ಇನ್ನೊಂದು ಸರಳು ತುರುಕಿದ್ರೆ ಅದೂ ಅಲ್ಲೇ ಕೂರುತ್ತೆ."

"ಸರಳು ನನ್ನ ಗಂಡಂದು ಅಂತ ಗೊತ್ತಾದ್ರೆ ಎಲ್ಲ ಅವನ ತಲೆಗೇ ಕಟ್ತಾರೆ. ಭಾನುವಾರ ನನ್ನನ್ನ ಮೇಲಿನ ಕೋಣೆಗೆ ಕಳಿಸೋಕೆ ಅದೊಂದು ಸಾಕು."

"ಸರಳು ನಂದು," ಎಂದಳು ಲಾಂಡ್ರಿಯಮ್ಮ. "ಅದನ್ನ ಮರೀಬೇಡ. ನನಗೆ ಅದು ಬೇಕು."

*

ಸಂಜೆ ಭಾವ ಬಂದ ಮೇಲೆ ಮೇಲಕ್ಕೆ ಹೋದೆ. ಎಲ್ಲರೂ ಟೀವಿ ಮುಂದೆ ಇದ್ದರು. ಹಜಾರಕ್ಕೆ ಹೊಸದಾಗಿ ಮರದ ನೆಲ ಹಾಸಿದ್ದರು. ಅಸಲಿ ಮರವಲ್ಲ, ಮರದ ಚಿತ್ರ.

"ಭಾವ, ಅಂಗಳದಲ್ಲಿ ಪೈಪು ಕಟ್ಟಿದೆ. ಟೈಲ್ಸ್ ಒಡೆದು ತೆಗೆಸ್ಬೇಕು. ಚೇಂಬರ್ ಮತ್ತೆ ಕಟ್ಟಿಸ್ಬೇಕು."

"ಟೈಲ್ಸ್ ಒಡೀಬೇಕಾ?" ಯಾರೋ ಸತ್ತರೆಂದು ಕೇಳಿದವರ ಹಾಗೆ ಮುಖ ಮಾಡಿದರು. ತಮ್ಮ ಸತ್ತಾಗ ಆ ಮುಖ ನಾನು ನೋಡಿರಲಿಲ್ಲ.

"ಹೌದು. ಅಲ್ಲೀ ತನಕ ನೀವು ನೀರು ಬಿಡೋಹಾಗಿಲ್ಲ. ನಾನು ಕೆಳಗಿನ ವಾಲ್ವ್ ಮುಚ್ತಿದೀನಿ. ಇನ್ನು ನಿಮ್ಮ ನೀರು ನನ್ನ ಮನೆಗೆ ಬರಲ್ಲ. ಇಲ್ಲೇ ಬರುತ್ತೆ."

ಓರಗಿತ್ತಿ ನಕ್ಕಳು. "ಕೆಳಗಡೆ ನೀರು ಮೇಲಕ್ಕೆ ಹತ್ತುತ್ತಂತೆ! ಏನೇ ಓದಿದೀಯ ನೀನು?"

"ದುಃಖದಲ್ಲಿದಾಳೆ, ಬಿಡು," ಎಂದರು ಭಾವ ಔದಾರ್ಯದಿಂದ. "ಮುಚ್ಚಮ್ಮ, ಮುಚ್ಚು. ನಮ್ಮ ಪೈಪಿಗೆ ಇವತ್ತಿನ ತನಕ ಏನೂ ಆಗಿಲ್ಲ."

ಅತ್ತೆಯ ಕಡೆ ನೋಡಿ, "ಅತ್ತೆ, ಬಚ್ಚಲಿಗೆ ಹೋಗೋವಾಗ ಜೋಪಾನ, ಜಾರುತ್ತೆ," ಎಂದೆ. ಅವರು ಟೀವಿಯ ದನಿ ಕಡಿಮೆ ಮಾಡಿದರು.

ಇಳಿದು ಹೋಗಿ ವಾಲ್ವ್ ತಿರುಗಿಸಿದೆ. ಬಿಗಿಯಾಗಿತ್ತು. ಹೊಸದಾಗಿದ್ದಾಗ ಹೇಗಿತ್ತೋ ಹಾಗೇ. ಕೈಗವಸು ಹಾಕಿಕೊಂಡು ಒಳಗೆ ನಿಂತಿದ್ದ ನೀರನ್ನು ಮಗ್ಗಿನಲ್ಲಿ ತೋಡಿ ಬಕೆಟ್ಟಿಗೆ ತುಂಬಿ ಮುಚ್ಚಿಟ್ಟೆ. ನೆಲ ತಿಕ್ಕಿದೆ. ನೆಲ ನೆಲವಾಯಿತು.

ಮರುದಿನ ಬೆಳಿಗ್ಗೆ ಓರಗಿತ್ತಿ ಬಟ್ಟೆ ಒಗೆಯುವ ಯಂತ್ರ ಹಾಕಿದಳು. ನೆಂಟರು ಹೊದ್ದು ಹೋದ ಹಾಸಿಗೆ ಬಟ್ಟೆ, ತುಂಬ ನೀರು. ಯಂತ್ರ ನೀರು ಹೊರಗೆ ಬಿಡುವಾಗ ಅದು ಇಳಿದು, ಕಟ್ಟಿದ ಕಡೆ ನಿಂತು, ನನ್ನ ಕಡೆ ಬಾಗಿಲು ತಟ್ಟಿ, ತೆಗೆಯದಿದ್ದಾಗ ಬಂದ ದಾರಿಯಲ್ಲೇ ವಾಪಸು ಹತ್ತಿತು. ಗೋಡೆಯೊಳಗೆ ಗುಳುಗುಳು ಸದ್ದು ಏರುತ್ತ ಹೋಗುವುದನ್ನು ನಾನು ಕುರ್ಚಿಯಲ್ಲಿ ಕೂತು ಕೇಳಿದೆ. ಆಮೇಲೆ ಮೇಲಿಂದ ಕೂಗು.

ಹೋಗಿ ನೋಡಿದೆ. ನೋಡಲೇಬೇಕಿತ್ತು. ನನ್ನ ಬಚ್ಚಲಲ್ಲಿ ನಿಂತಿದ್ದದ್ದೇ ಅಲ್ಲಿ ನಿಂತಿತ್ತು. ಗುಲಾಬಿ ಅಂಚಿನ ಕಾಗದಗಳು ಒಡತಿಯ ಕಾಲಿನ ಸುತ್ತ ಬಂದು ಸೇರಿದ್ದವು. ನೀರು ಹೊಸ್ತಿಲು ದಾಟಿ ಮರದ ಚಿತ್ರದ ಮೇಲೆ ಹರಿದು, ಚಿತ್ರದ ಅಂಚುಗಳು ಏಳತೊಡಗಿದ್ದವು. ಭಾವ ಮಂಡಿಯೂರಿ ಟವೆಲ್ಲಿನಿಂದ ಒತ್ತುತ್ತಿದ್ದರು. ಅವರು ಮಂಡಿಯೂರಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏನ್ಮಾಡಿದೆ ನೀನು?" ಎಂದು ಕಿರುಚಿದಳು ಓರಗಿತ್ತಿ.

"ಏನೂ ಮಾಡಿಲ್ಲಕ್ಕ. ಇಷ್ಟು ದಿನ ಮಾಡ್ತಿದ್ದೋರು ಈಗಿಲ್ಲ."

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. "ಕಾರು ತೆಗಿಯೋ," ಎಂದರು ಮಗನಿಗೆ.

*

ಅಂಗಳ ಅಗೆಯುವವರು ಶನಿವಾರ ಬಂದರು. ಪೈಪಿನಲ್ಲಿ ಪುಡಿ ಸುರಿದಿದೆ, ಕೈಗವಸು ಹಾಕಿಕೊಳ್ಳಿ ಎಂದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಮಾತು ಹೇಳಿದೆ. "ಒಳಗೆ ಲಾಂಡ್ರಿಯವರ ಸರಳು ಸಿಕ್ಕಿರಬಹುದು. ಕಬ್ಬಿಣ ಇದೆ, ಜೋಪಾನ."

"ಸರಳಾ?" ಎಂದರು ಭಾವ.

ಬೂದು ಟೈಲ್ಸ್ ಒಡೆಯಿತು. ಒಂದೊಂದು ಏಟಿಗೂ ಭಾವನ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಪೈಪನ್ನು ಕೊಯ್ದು ಬಾಯಿ ಮಾಡಿದರು. ಉದ್ದನೆಯ ಕೊಕ್ಕೆ ಹಾಕಿ ಎಳೆದರು. ಬಂದದ್ದನ್ನು ಅಂಗಳದಲ್ಲಿ ಹಾಕಿದಾಗ ಒಂದು ಕ್ಷಣ ಯಾರಿಗೂ ಅದೇನೆಂದು ಗೊತ್ತಾಗಲಿಲ್ಲ. ಬಿಳಿಯ ಕೊಬ್ಬು, ಅದರೊಳಗೆ ಹುರಿಯಾಗಿ ಹೊಸೆದುಕೊಂಡ ಒರೆಸುವ ಬಟ್ಟೆ. ಮಗುವಿನ ತೋಳಿನಷ್ಟು ದಪ್ಪ. ನಡುವಿನಿಂದ ಸುರುಳಿಯ ತುದಿ ಹೊರಗೆ ಚಾಚಿತ್ತು.

ಭಾವನ ಮುಖ ಅರಳಿತು. "ನೋಡಮ್ಮ! ನೋಡು! ಇದಾ ವಿಷ್ಯ? ನಿನ್ನ ಚಿಕ್ಕ ಮಗ ಕದ್ದು ಕದ್ದು ಸರಳು ತುರುಕಿ ಪೈಪು ಹಾಳು ಮಾಡಿದಾನೆ. ಮನೆ ಮಾಡಿದ್ದು ನಾನು, ಕೆಡಿಸಿದ್ದು ಅವನು. ಲಾಂಡ್ರಿಯವಳ ಜೊತೆ ಸೇರ್ಕೊಂಡು."

ಬೇಲಿಯ ಆಚೆಯಿಂದ ಲಾಂಡ್ರಿಯಮ್ಮ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾನೆ ಅಂದ್ರೆ ಇದೇ. ಆ ಗುಲಾಬಿ ಬಟ್ಟೆಯೆಲ್ಲ ನಾನು ಹಾಕಿದ್ನೇನಪ್ಪಾ?" ಎಂದಳು.

ಅತ್ತೆ ಮೆಟ್ಟಿಲು ಇಳಿದು ಬಂದಿದ್ದರು. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು. ಆ ಉಂಡೆಯ ಹತ್ತಿರ ಬಂದು ಬಗ್ಗಿ ನೋಡಿದರು. ಮೂಗು ಮುಚ್ಚಿಕೊಳ್ಳಲಿಲ್ಲ.

"ಭಾನುವಾರ ಗೋಡೇಲಿ ಕರಕರ ಅಂತಿತ್ತಲ್ಲ," ಎಂದರು ನನ್ನ ಕಡೆ ನೋಡದೆ. "ಇದೇನಾ?"

"ಹೌದು ಅತ್ತೆ."

"ಅವನಾ?"

"ಹೌದು. ತಿಂಗಳಿಗೊಂದ್ಸಲ. ಇದು ಕೊನೇ ಸಲದ್ದು, ಸಿಕ್ಕೊಂಡು ಬಿಚ್ಚೋಗಿದೆ."

ಅತ್ತೆ ಹಿರಿಯ ಮಗನ ಕಡೆ ತಿರುಗಿದರು. "ಇಲಿ ಅಂದ್ಯಲ್ಲೋ."

ಭಾವ ಒಡೆದ ಟೈಲ್ಸಿನ ಚೂರೊಂದನ್ನು ಕಾಲಿನಿಂದ ಸರಿಸಿದರು.

"ವಿಷ ಬೇರೆ ಇಡಿಸಿದೆ."

"ನನಗೇನು ಗೊತ್ತಮ್ಮ? ಅವನು ಒಂದ್ಮಾತು ಹೇಳ್ಬಹುದಿತ್ತಲ್ಲ?"

"ಹೌದು," ಎಂದೆ ನಾನು. "ಹೇಳ್ಬೇಕಿತ್ತು."

ಮದುವೆಯಾಗಿ ಬಂದ ಮೇಲೆ ಭಾವನ ಮಾತನ್ನು ನಾನು ಒಪ್ಪಿದ್ದು ಅದೊಂದೇ ಸಲ. ಹೂಮಾಲೆ ಹಾಕಿದ ಫೋಟೋದ ಮುಂದೆ ಬಾರದ ಸಿಟ್ಟು ಆ ಉಂಡೆಯ ಮುಂದೆ ಬಂತು. ಮೇಲೆ ಮಲಗಿದ್ದವರ ನಿದ್ದೆ ಕೆಡಬಾರದೆಂದು ಮುಂಜಾವಿನಲ್ಲಿ ಮಂಡಿಯೂರಿ ಕೂತವನ ಮೇಲೆ ನನಗೆ ಬಂದಷ್ಟು ಸಿಟ್ಟು, ಮಲಗಿದ್ದವರ ಮೇಲೂ ಬಂದಿರಲಿಲ್ಲ. ಅವರು ಏನೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅವರನ್ನು ಹಾಗೇ ಇರಗೊಟ್ಟ.

ಅತ್ತೆ ಮೊದಲ ಮೆಟ್ಟಿಲ ಮೇಲೆ ಕೂತರು. "ನಾಳೆ ಮಾತು ಗೀತು ಏನೂ ಬೇಡ," ಎಂದರು. "ಕೆಳಗಿನ ಮನೆ ಅವಳದು. ಶೋರೂಮು ಇನ್ನೆಲ್ಲಾದ್ರೂ ಮಾಡ್ಕೋ. ಚೇಂಬರ್ ಮೊದ್ಲು ಹೇಗಿತ್ತೋ ಹಾಗೆ ಕಟ್ಟಿಸು. ಮುಚ್ಚಳ ಕಾಣ್ಬೇಕು."

"ಅಮ್ಮಾ, ನಡು ಅಂಗಳದಲ್ಲಿ ಕಬ್ಬಿಣದ ಮುಚ್ಚಳ..."

"ಕಾಣ್ಬೇಕು ಅಂದೆ."

ನಾನು ನನ್ನ ಮಾತನ್ನೂ ಸೇರಿಸಿದೆ. ವಾಲ್ವ್ ಇದ್ದಲ್ಲೇ ಇರುತ್ತದೆ. ಕರಿದ ಎಣ್ಣೆ ಡಬ್ಬಿಯಲ್ಲಿ ಆರಿ ಕಸಕ್ಕೆ ಹೋಗಬೇಕು, ಬಾಣಲೆಯನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಬೇಕು, ಮುಖ ಒರೆಸಿದ್ದು ಬುಟ್ಟಿಗೆ. ಮುಚ್ಚಳದ ಮೇಲೆ ಕಾರು ನಿಂತ ದಿನ ನಾನು ವಾಲ್ವ್ ತಿರುಗಿಸುತ್ತೇನೆ.

"ಬೆದರಿಸ್ತೀಯಾ?" ಎಂದಳು ಓರಗಿತ್ತಿ.

"ಇಲ್ಲಕ್ಕ. ನೀರು ಮೇಲಕ್ಕೆ ಹತ್ತುತ್ತಾ ಇಲ್ವಾ ಅಂತ ಈಗ ನಿಮಗೂ ಗೊತ್ತು. ಓದ್ಬೇಕಾಗೇ ಇಲ್ಲ."

*

ಸುರುಳಿಯಿಂದ ಆ ಬಟ್ಟೆಯ ಹುರಿಯನ್ನು ಬಿಡಿಸಲು ಕತ್ತರಿ ಬೇಕಾಯಿತು. ಕೈಗವಸು ಹಾಕಿಕೊಂಡು ಅಂಗಳದ ನಲ್ಲಿಯ ಹತ್ತಿರ ಕೂತು ಕತ್ತರಿಸಿದೆ. ಮೇಲಿನ ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ. ಸೋಪು, ಬ್ರಷ್ಷು, ಪ್ರಯೋಗಾಲಯದಿಂದ ತಂದಿದ್ದ ಸೋಂಕುನಿವಾರಕ. ಉಳಿದ ಸರಳುಗಳನ್ನೂ ತೊಳೆದೆ. ಅವನು ತೊಳೆದೇ ಇಟ್ಟಿದ್ದ, ಆದರೂ ತೊಳೆದೆ. ಬಿಸಿಲಿಗೆ ಒಣಗಿಸಿ ಚೀಲಕ್ಕೆ ಹಾಕಿದೆ.

ಸೋಮವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ ಲಾಂಡ್ರಿಗೆ ಹೋದೆ.

ಲಾಂಡ್ರಿಯಮ್ಮ ಚೀಲ ಬಿಚ್ಚಿ, ಸರಳುಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿ, ತುದಿಯದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದಳು.

"ಬಗ್ಗಿದೆ."

"ಹೌದು."

ಮಂಡಿಗೆ ಒತ್ತಿ ನೆಟ್ಟಗೆ ಮಾಡಿದಳು. ಪೂರ್ತಿ ಆಗಲಿಲ್ಲ. ಇನ್ನೊಂದಕ್ಕೆ ತಿರುಪಿ, ಬಿಚ್ಚಿ, ಮತ್ತೆ ತಿರುಪಿ ನೋಡಿದಳು. ಆಮೇಲೆ ಎಲ್ಲವನ್ನೂ ಚೀಲಕ್ಕೆ ತುಂಬಿ ನನ್ನ ಕಡೆ ಚಾಚಿದಳು.

"ನನ್ನ ಪೈಪು ನಿನ್ನೆ ಬೇರೆಯವರು ಬಂದು ಬಿಡ್ಸಿದ್ರು. ನೀನೇ ಇಟ್ಕೊಂಡಿರು ತಾಯೀ. ಬೇಕಾದಾಗ ಕೇಳ್ತೀನಿ. ಆ ಮೇಲಿನವರ ಬುದ್ಧಿ ಎಷ್ಟು ದಿನ? ಮತ್ತೆ ಕಟ್ಕೊಳ್ಳುತ್ತೆ ನೋಡು."

"ಕಟ್ಕೊಳ್ಳಲಿ," ಎಂದೆ. "ಚೇಂಬರಿದೆ, ಮೇಲಿನೋರೇ ಇಳಿದು ಬಂದು ಮುಚ್ಚಳ ಎತ್ತಲಿ. ನಮ್ಮ ಮನೇಲಿ ಆ ಕೆಲಸ ಮಾಡೋರು ಈಗ ಯಾರೂ ಇಲ್ಲ."

ಚೀಲವನ್ನು ಅವಳ ಗೋಡೆಯ ಖಾಲಿ ಮೊಳೆಗೆ ನೇತುಹಾಕಿದೆ. ಅದು ಅಲ್ಲಾಡುವುದು ನಿಲ್ಲುವವರೆಗೆ ಕೈಯಲ್ಲಿ ಹಿಡಿದಿದ್ದು, ಬಿಟ್ಟೆ.